ಅನುಮಾನದ ಕಾಯಿಲೆ

ನನಗಿರುವುದು ಅನುಮಾನದ ಕಾಯಿಲೆ. ಊಟಕ್ಕೆ ಏನೋ ಬೆರೆಸಿದ್ದಾರೆ, ಎಲ್ಲರೂ ಸೇರಿ ನನಗೆ ಮೋಸ ಮಾಡುತ್ತಿದ್ದಾರೆ ಅಂತ ಅನ್ನಿಸುವ ಕಾಯಿಲೆ. ಮಾತ್ರೆ ನುಂಗಿದರೆ ನಾನೂ ಎಲ್ಲರ ಹಾಗೆ. ತಿಂಗಳಿಗೊಮ್ಮೆ ರಾಮನಗರದ ಬಸ್ಸು ಹತ್ತಿ ಅಲ್ಲಿನ ಆಸ್ಪತ್ರೆಯಿಂದ ನಾನೇ ತರುತ್ತಿದ್ದೆ. ಅಕ್ಕೂರಿನ ಕಡೆಯ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುವವಳೂ ನಾನೇ. ಮದುವೆಯಾಗಿ ಬಂದಾಗಿನಿಂದ ಹುಳುಮನೆ ನನ್ನದು.

ಕೊರೊನಾ ಬಂದು ಬಸ್ಸು ನಿಂತವು, ಮಾತ್ರೆ ಮುಗಿದವು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಮಾತ್ರ ನಡೆಯುತ್ತಿತ್ತು. ಗಂಡ ಪಾಸ್ ಮಾಡಿಸಿಕೊಂಡು ಗೂಡು ಹೇರಿಕೊಂಡು ಹೊರಟರು. ಆಸ್ಪತ್ರೆ ಮಾರುಕಟ್ಟೆಯಿಂದ ನಡೆದು ಹೋಗುವಷ್ಟು ಹತ್ತಿರ. ನನ್ನ ಚೀಟಿ ಕೊಟ್ಟು ಕಳಿಸಿದೆ. ಬರಿಗೈಯಲ್ಲಿ ಬಂದರು.

"ಎಲ್ಲಾ ಕೊರೊನಾ ವಾರ್ಡ್ ಮಾಡ್ಬುಟ್ಟವ್ರೆ ಕಣಮ್ಮಿ. ತಲೆ ಡಾಕ್ಟ್ರ ರೂಮಿಗೆ ಬೀಗ ಬಿದ್ದೈತೆ."

ಮುಂದಿನ ಬೆಳೆಯ ಗೂಡು ಮಾರಿ ಬಂದಾಗಲೂ ಅದೇ ಬೀಗದ ಮಾತು.

ನನ್ನ ನಿದ್ದೆ ಕೆಟ್ಟಿತು. ಒಂದು ದಿನ ಗಂಡನ ಮುಖ ನೋಡಿದವಳೇ, "ನೀನು ಸುಳ್ಳು ಯೋಳ್ತಾ ಇದ್ದೀಯ, ನಂಗೊತ್ತು" ಅಂತ ಕೂಗಾಡಿದೆ. ಅತ್ತೆ ತಲೆ ಮೇಲೆ ಕೈ ಹೊತ್ತರು. "ಮತ್ತೆ ಸುರುವಾಯ್ತಲ್ಲಪ್ಪಾ!" ಹುಳು ಕೊನೇ ಸಲ ಪೊರೆ ಕಳಚಿ, ಜ್ವರದಿಂದ ಎದ್ದು ಗಬಗಬ ಸೊಪ್ಪು ತಿನ್ನುವ ಹೊತ್ತು. ನಾನು ಅದರ ಮೇಲೆ ಏನಾದರೂ ಚೆಲ್ಲಿಯೇನು ಅಂತ ಹುಳುಮನೆಗೆ ನನ್ನನ್ನು ಬಿಡಲಿಲ್ಲ. ಗೋಡೆಯಾಚೆ ಹುಳು ಮೇಯುವ ಸದ್ದು ಕೇಳುತ್ತಾ ನಾನು ಅಳುತ್ತಾ ಕೂತೆ.

ಬಸ್ಸು ಶುರುವಾದ ಮೇಲೆ ನನ್ನ ಅಣ್ಣ ಆಸ್ಪತ್ರೆಗೆ ಕರೆದೊಯ್ದ. ಮಾತ್ರೆ ಹತ್ತಿತು, ತಲೆ ತಿಳಿಯಾಯಿತು. ನಾಚಿಕೆಯಿಂದ ಗಂಡನ ಹತ್ತಿರ ತಪ್ಪಾಯ್ತು ಅಂದೆ. "ಇರ್ಲಿ ಬುಡು, ಕಾಯ್ಲೆ ಅಲ್ವಾ ಆಡ್ಸಿದ್ದು" ಅಂದರು. ಎಂಥಾ ದೊಡ್ಡ ಮನಸ್ಸು ಅಂದುಕೊಂಡೆ!

ಮತ್ತೊಂದು ತಿಂಗಳು ಒಬ್ಬಳೇ ಹೋದಾಗ ನರ್ಸು ಗದರಿದಳು. "ಲಾಕ್‌ಡೌನಲ್ಲಿ ಯಾರ್ನಾದ್ರೂ ಕಳ್ಸಕ್ಕಾಗ್ಲಿಲ್ವಾ? ನಾವು ಒಂದಿನಾನೂ ಬಾಗ್ಲು ಹಾಕಿಲ್ಲ. ಚೀಟಿ ತಂದೋರ್ಗೆಲ್ಲ ಕೊಟ್ವಿ."

ಮನೆಗೆ ಬಂದು ಗಂಡನನ್ನು ಕೇಳಿದೆ. ಅವರು ನೆಲ ನೋಡಿದರು.

"ಗೂಡು ತಗೊಳೋ ರೀಲರ್‌ಗಳೆಲ್ಲ ಅಲ್ಲೇ ಓಡಾಡ್ತಿರ್ತಾರೆ. ತಲೆ ಡಾಕ್ಟ್ರ ಕ್ಯೂನಲ್ಲಿ ನನ್ನ ನೋಡುದ್ರೆ ಏನಂದ್ಕತಾರೆ? ನೀನೂ ಆಗ ಒಸಿ ಚೆನ್ನಾಗೇ ಇದ್ದೆ."

ಆಸ್ಪತ್ರೆ ಕಡೆ ತಲೆಯನ್ನೇ ಹಾಕಿರಲಿಲ್ಲ ಪುಣ್ಯಾತ್ಮ. ನನ್ನ ಬಾಯಲ್ಲಿ ತಪ್ಪಾಯ್ತು ಅನ್ನಿಸಿಕೊಂಡು ಸುಮ್ಮನಿದ್ದರಲ್ಲ, ಅದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗ ಪ್ರತಿ ಸಲ ಜೊತೆಗೇ ಬರುತ್ತಾರೆ, ಮಾಸ್ಕ್ ಮಾತ್ರ ತೆಗೆಯುವುದಿಲ್ಲ. ಡಾಕ್ಟರು ತಪ್ಪದೆ ಕೇಳುತ್ತಾರೆ, "ಯಾರ ಮೇಲಾದರೂ ಅನುಮಾನ ಬರುತ್ತಾ?" ಹೌದು ಅಂದರೆ ಮಾತ್ರೆ ಜಾಸ್ತಿ ಮಾಡುತ್ತಾರೆ. ಪಕ್ಕದಲ್ಲಿ ಕೂತ ಗಂಡನ ಕಡೆ ನೋಡದೆ, ಇಲ್ಲ ಅನ್ನುತ್ತೇನೆ.