ನಡುವೆ ಬಿದ್ದಿದ್ದ ಶಿಲುಬೆ

...ಅಥವಾ ಶಿಲುಬೆ ಬಲಗಡೆಗೆ ಬಿದ್ದಿತ್ತೇನೋ. ಎಡಗಡೆಗೆ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಈಗ ಕಣ್ಣಿಗೂ ಹಾಗೇ ಕಾಣುತ್ತದೆ. ಅದಕ್ಕೇ ನನಗೆ ಅನುಮಾನ. ನನ್ನ ತಂಗಿ ಸಲೋಮಿಯ ಕುಣಿಯ ಮೇಲೆ ನೆಟ್ಟಿದ್ದ ಮರದ ಶಿಲುಬೆ ಅದು.

ಮುದಗಲ್ಲಿನ ನಿಮಗೆ ಒಂದು ಸಂಗತಿ ಮೊದಲೇ ಹೇಳಬೇಕು. ನಮ್ಮಲ್ಲಿ ಮುತ್ತಜ್ಜನ ಗೋರಿಯ ಕಲ್ಲಿನ ಮೇಲೆ ಕೂತು ಬುತ್ತಿ ಉಣ್ಣುತ್ತೇವೆ. ಇಲ್ಲಿ, ಈ ದೊಡ್ಡ ಪಟ್ಟಣದಲ್ಲಿ, ನಮ್ಮಂಥವರಿಗೆ ಸಿಗುವ ಕುಣಿ ಹತ್ತು ವರ್ಷಕ್ಕೆ ಮಾತ್ರ. ಆಮೇಲೆ ಅದನ್ನು ತೆರೆದು ಇನ್ನೊಬ್ಬರನ್ನು ಇಡುತ್ತಾರೆ. ಹಳೆಯ ಮೂಳೆ ಮನೆಯವರು ಬಂದರೆ ಅವರ ಕೈಗೆ, ಬಾರದಿದ್ದರೆ ಮೂಲೆಯ ದೊಡ್ಡ ಗುಂಡಿಗೆ. ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಚಾಮರಾಜಪೇಟೆಯ ಒಂದು ಪ್ರೆಸ್ಸಿಗೆ ಪ್ರೂಫ್ ತಿದ್ದಲು ಬಂದೆ. ಅಡುಗೆಗೆಂದು ಸಲೋಮಿಯನ್ನು ಕರೆದುಕೊಂಡು ಬಂದೆ. ಅವ್ವ ಒಲ್ಲೆ ಅಂದಿದ್ದಳು. ಮನೆ ಸಿಕ್ಕಿದ್ದು ವಠಾರದಲ್ಲಿ: ಒಂದೇ ಅಂಗಳ, ಒಂದೇ ನಲ್ಲಿ, ಸುತ್ತ ಆರು ಸಂಸಾರ. ಮನೆಯೊಡತಿ ಸೀತಮ್ಮ ನಮ್ಮ ಕುತ್ತಿಗೆಯ ಶಿಲುಬೆಗಳನ್ನು ಒಂದೊಂದಾಗಿ ನೋಡಿ, "ಮೊಟ್ಟೆ ಒಡೆದ ಸದ್ದೂ ಕೇಳಿಸ್ಬಾರ್ದು ನೋಡಿ" ಅಂದರು.

ಮೊಟ್ಟೆಯದಲ್ಲ, ಕೇಳಿಸಿದ್ದು ರೊಟ್ಟಿಯ ಸದ್ದು.

"ಏನಮ್ಮಾ ಅದು, ಬೆಳಗ್ಗೆ ಬೆಳಗ್ಗೆ ಗೋಡೆ ಒಡೀತಿದೀಯಾ?"

"ಅಲ್ರೀ ಅಮ್ಮಾರೆ, ಜೋಳದ ರೊಟ್ಟಿ ಬಡೀಲಿಕ್ಕತ್ತೀನ್ರಿ."

"ಬಡಿ, ಬಡಿ. ನಮ್ಮನೆಯವರಿಗೂ ಎಚ್ಚರ ಆಗ್ಲಿ."

ಮೂರು ತಿಂಗಳಲ್ಲಿ ಸಲೋಮಿ ನನ್ನನ್ನೇ ಆಡಿಕೊಳ್ಳತೊಡಗಿದಳು. "ಅಣ್ಣಾ, ಇಲ್ಲಿ ಹಂಗನ್ನಬಾರ್ದು. 'ಬಂದ್ಬಿಡ್ತೀನಿ' ಅನ್ಬೇಕು." ಊರಿನ ಮಾತು ಬಿಡಲು ಅವಳಿಗೆ ಸಂಕಟವೇ ಆಗಲಿಲ್ಲ. ನನಗೆ ಇವತ್ತಿಗೂ ಬಂದಿಲ್ಲ.

ಎರಡನೆಯ ಬೇಸಿಗೆಯಲ್ಲಿ ಅವಳಿಗೆ ಕಾಮಾಲೆ. ಎಂಟು ದಿನ ಆಸ್ಪತ್ರೆ. ಅಷ್ಟೇ. ಆ ಸೆಕೆಯಲ್ಲಿ ಅಷ್ಟು ದೂರ ಒಯ್ಯಲಾಗದು ಅಂದರು, ಇಲ್ಲೇ ಮಣ್ಣು ಮಾಡಿದೆವು. ಕೈಗೆ ಜಪಸರ ಸುತ್ತಿದ್ದು ಸೀತಮ್ಮ. ಮಡಿಯ ಹೆಂಗಸು, ಹಿಂದೆಮುಂದೆ ನೋಡಲಿಲ್ಲ. ಅವ್ವ ತಲುಪಿದ್ದು ಎರಡು ದಿನದ ಮೇಲೆ. ಅವಳು ಕೇಳಿದ್ದು ಒಂದೇ: "ಕುಣಿ ತೆಗೆದಾಗ ಅಕಿನ್ನ ನನ್ನ ಕೈಗೆ ತಂದು ಕೊಡು. ನಿಮ್ಮಪ್ಪನ ಮಗ್ಗುಲಿಗೆ ಇಡ್ತೀನಿ." ನಾನು ಮಾತು ಕೊಟ್ಟೆ.

ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಹೋದರೆ ಮಳೆಗೆ ಶಿಲುಬೆ ಬಿದ್ದಿತ್ತು. ಎರಡು ಮಣ್ಣುಗುಡ್ಡೆಗಳ ನಡುವೆ, ಬಣ್ಣ ಕಿತ್ತು, ಹೆಸರು ಅರ್ಧ ಅಳಿಸಿ. ಎಡದ ಗುಡ್ಡೆಯೇ ಎಂದು ನನಗೆ ಖಚಿತವಾಗಿತ್ತು. ಅಲ್ಲೇ ನೆಟ್ಟೆ. ಮಾಮೂಲ್‌ಪೇಟೆಯಲ್ಲಿ ಕೊಂಡಿದ್ದ ನೀಲಿ ಬಣ್ಣದಲ್ಲಿ ಹೆಸರು ಬರೆದೆ. ತಪ್ಪು ಹುಡುಕುವುದೇ ಕಸುಬಾದವನು, ಒಂದೊಂದು ಅಕ್ಷರವನ್ನೂ ಎರಡೆರಡು ಸಲ ನೋಡಿದೆ. ಆಮೇಲೆ ಪ್ರತಿ ವರ್ಷ ಅಲ್ಲೇ ಮೇಣದಬತ್ತಿ, ಸೇವಂತಿಗೆ, ಅಳು.

ಹತ್ತು ವರ್ಷ ತುಂಬಿತೆಂದು ಚರ್ಚಿನಿಂದ ಚೀಟಿ ಬಂತು. ಚೀಟಿ ಕೊಟ್ಟ ಗುರುಗಳು, "ಇನಾಸಪ್ಪ, ಬಿಟ್ಟುಕೊಡೋದೂ ಒಂದು ಪ್ರಾರ್ಥನೆ" ಅಂದರು. ಸೀತಮ್ಮ ಅಂದದ್ದು ಬೇರೆ: "ನಮ್ಮಲ್ಲಿ ಸುಟ್ಟು ನೀರಿಗೆ ಬಿಟ್ಬಿಡ್ತೀವಿ. ನೀವು ಹತ್ತು ವರ್ಷ ಹೇಗೆ ಕಾದ್ರೋ, ಪಾಪ." ಇಬ್ಬರೂ ಸರಿಯಿರಬಹುದು. ನನಗೆ ಬೇಕಾಗಿದ್ದದ್ದು ಅವ್ವನಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು.

ಕುಣಿ ತೋಡುವ ಸೂಸೈ ಸೊಂಟದಾಳಕ್ಕೆ ಇಳಿದು ನಿಂತ. ಮಣ್ಣಿನಿಂದ ಒಂದು ವಸ್ತು ಎತ್ತಿ ಒರೆಸಿ ನನಗೆ ತೋರಿಸಿದ. ಗಂಡಸರ ಬೆಲ್ಟಿನ ಬಕಲ್.

"ಸಾರ್, ತಂಗಿ ಅಂದ್ರಲ್ವಾ?"

ಜಪಸರ ಇರಲಿಲ್ಲ. ಬಲದ ಕುಣಿಯ ಮೇಲೆ ಆಗಲೇ ಬೇರೆ ಹೆಸರಿನ ಹೊಸ ಶಿಲುಬೆ ಇತ್ತು.

"ಅದಾ? ಮೂರು ವರ್ಷದ ಹಿಂದೇನೇ ತೆಗೆದ್ವಿ. ಮೇಲೆ ಶಿಲುಬೆ ಇರ್ಲಿಲ್ಲ, ಯಾರೂ ಬರ್ತಾನೂ ಇರ್ಲಿಲ್ಲ. ಅಂಥದನ್ನ ಹತ್ತು ವರ್ಷ ಆಗೋಕೆ ಮುಂಚೇನೇ ತೆಗೀತೀವಿ ಸಾರ್."

ಯಾರೂ ಬರುತ್ತಿರಲಿಲ್ಲ. ನಾನು ಪ್ರತಿ ವರ್ಷ ಅದಕ್ಕೆ ಬೆನ್ನು ತಿರುಗಿಸಿ ಮೊಣಕಾಲೂರುತ್ತಿದ್ದೆ.

ಮೂಲೆಯ ಆ ದೊಡ್ಡ ಗುಂಡಿಯ ಹತ್ತಿರ ಹೋದೆ. ಸಿಮೆಂಟು ಮುಚ್ಚಳ. ಎಲ್ಲರೂ ಒಟ್ಟಿಗೆ. ಕಡೆಯ ದಿನ ದೇವರು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಎಬ್ಬಿಸುತ್ತಾನೆ ಎಂದು ನಂಬಿ ಬೆಳೆದವನು ನಾನು. ಅವನಿಗೆ ಶಿಲುಬೆಯ ಗುರುತು ಬೇಕಿಲ್ಲ. ಈ ನಂಬಿಕೆ ನನ್ನನ್ನು ಹಿಡಿದು ನಿಲ್ಲಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜವೆಂದರೆ ಬಿಸಿಲಿಗೆ ತಲೆ ಸುತ್ತಿ ಆ ಮುಚ್ಚಳದ ಮೇಲೇ ಕೂತುಬಿಟ್ಟೆ. ಬಿಟ್ಟುಕೊಡುವುದನ್ನು ಕಲಿತು ಬೆಳೆದೆ ಎಂದೂ ಹೇಳಲಾರೆ. ಅವಳು ಕೈಬಿಟ್ಟು ಹೋಗಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ಎರಡು ಕುಣಿಗಳ ನಡುವಿನ ಮಣ್ಣು ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿಕೊಂಡು ಊರಿಗೆ ಬಂದೆ. ಮೂಳೆಯೆಲ್ಲ ಮಣ್ಣಾಗಿದೆ ಅಂದೆ. ಅವ್ವ ಗಂಟು ಬಿಚ್ಚಲಿಲ್ಲ.

"ಅಕಿ ಕೈಯಾಗಿನ ಜಪಸರ ಸಿಕ್ತೇನು ತಮ್ಮಾ?"

"ಹೂಂ ಅವ್ವಾ" ಅಂದು ಜೇಬಿನಲ್ಲಿದ್ದ ನನ್ನದನ್ನೇ ಕೊಟ್ಟೆ. ಅವಳು ಮಣಿ ಮಣಿ ಮುಟ್ಟಿದಳು. ಮೂಗಿನ ಹತ್ತಿರ ಹಿಡಿದು ಮೂಸಿದಳು. ಅದಕ್ಕೆ ಮಣ್ಣಿನ ವಾಸನೆ ಇರಲು ಸಾಧ್ಯವೇ ಇರಲಿಲ್ಲ. ನನ್ನ ಬೆವರು, ಪ್ರೆಸ್ಸಿನ ಶಾಯಿ.

"ಅಕಿದೇ" ಅಂದಳು. ಗಂಟಿನ ಜೊತೆ ಅದನ್ನೂ ಅಪ್ಪನ ಮಗ್ಗುಲಲ್ಲಿ ಇಟ್ಟು ಮಣ್ಣೆಳೆದಳು.

ಈಗ ಊರಿನಲ್ಲಿ ಸಲೋಮಿಯ ಹೆಸರಿನ ಕಲ್ಲಿದೆ, ಅವಳಿಲ್ಲ. ಅವಳಿರುವ ಈ ಊರಿನಲ್ಲಿ ಹೆಸರಿಲ್ಲ. ನವೆಂಬರಿನಲ್ಲಿ ಎಲ್ಲಿಗೆ ಹೋಗಬೇಕೆಂದು ಪ್ರತಿ ಸಲ ಯೋಚಿಸುತ್ತೇನೆ, ಒಂದೊಂದು ವರ್ಷ ಎಲ್ಲಿಗೂ ಹೋಗುವುದಿಲ್ಲ. ಜಪಸರ ಮತ್ತೆ ಕೊಳ್ಳಲಿಲ್ಲ, ಬೆರಳಿನಲ್ಲೇ ಎಣಿಸುತ್ತೇನೆ.

ಅವ್ವನೂ ಹೋದಳು. ಅವಳಿಗೆ ಗೊತ್ತಾಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.