ಹನ್ನೊಂದರಲ್ಲಿ ಒಂದು ಏಟು

ವಾಡಿ ಪಟ್ಟಣದಲ್ಲಿ ಬೆಳಗಿನ ಆರು ಗಂಟೆ. ಶಾಲೆಯ ಹಿಂದಿನ ಮೈದಾನದಲ್ಲಿ ಇಪ್ಪತ್ತನಾಲ್ಕು ಮಂದಿ ಗೃಹರಕ್ಷಕರು ಸಾಲಾಗಿ ನಿಂತಿದ್ದಾರೆ. ಹೆಡ್ ಕಾನ್‌ಸ್ಟೇಬಲ್ ಸೂರ್ಯಕಾಂತ ಒಬ್ಬೊಬ್ಬರ ಅಂಗೈಗೂ ಎರಡೆರಡು ಹತ್ತಿಯುಂಡೆ ಇಟ್ಟು, ಕಿವಿಗೆ ತುರುಕಿಕೊಳ್ಳಲು ಹೇಳುತ್ತಾರೆ. ಗೂಡ್ಸ್ ಗಾಡಿ ಹಾಯುವ ಹೊತ್ತು ನೋಡಿಕೊಂಡು, ಅವರ ಬೆನ್ನ ಹಿಂದೆ ದೂರ ನಿಂತು, "ಹಿಂದಕ್ಕ ಸರೀರಿ" ಎಂದು ಮೂರು ಸಲ ಕೂಗುತ್ತಾರೆ. ಒಬ್ಬರೂ ಕದಲುವುದಿಲ್ಲ.

ಮುಂದೆ ಬಂದು, ಹತ್ತಿ ತೆಗೆಯಿರೆಂದು ಕೈಸನ್ನೆ ಮಾಡಿ ಕೇಳುತ್ತಾರೆ: "ಯಾಕ ಸರೀಲಿಲ್ಲ? ಸೊಕ್ಕೇನು?"

"ಕಿವ್ಯಾಗ ಅರಳಿ ತುರುಕಿಸಿದವ್ರು ನೀವೇ, ಸೊಕ್ಕು ಅನ್ನವ್ರೂ ನೀವೇ. ಚಲೋ ನ್ಯಾಯ ಬಿಡ್ರಿ ಸಾಹೇಬ್ರ" ಎನ್ನುತ್ತಾನೆ ಸಾಲಿನ ತುದಿಯ ಮಶಾಕ. ಎಲ್ಲರೂ ನಗುತ್ತಾರೆ. ಸೂರ್ಯಕಾಂತ ನಗುವುದಿಲ್ಲ.

"ಇಷ್ಟ ನೆನಪಿಡ್ರಿ. ಒಬ್ಬ ಇನ್ನೊಬ್ಬನ ಜೀವದ ಮ್ಯಾಲ ಕೈ ಎತ್ತಿದ್ರ ಲಾಠಿ ಎತ್ತರಿ. ಬಾಯಿಲೆ ಹೇಳಿದ್ದು ಕೇಳಲಿಲ್ಲ ಅಂತ ಎತ್ತಬ್ಯಾಡ್ರಿ. ಅವಗ ಕೇಳಿಸ್ತೋ ಇಲ್ಲೋ ಮೊದಲ ನೋಡ್ರಿ."

ಚಿಂಚೋಳಿ ತಾಲೂಕಿನ ಐನಾಪುರದವರು ಸೂರ್ಯಕಾಂತ. ಇಸವಿ ಎಪ್ಪತ್ತೊಂದರಲ್ಲಿ ಎದೆ ಅಳತೆ ಕೊಟ್ಟು ಖಾಕಿ ತೊಟ್ಟರು. ಸೇಡಂ, ಚಿತ್ತಾಪುರ, ಶಹಾಬಾದ ಎಂದು ನೌಕರಿ ತಿರುಗಿಸಿದಲ್ಲೆಲ್ಲ ತಿರುಗಿದರು. ಮೂವತ್ತಮೂರು ವರ್ಷದ ಸೇವೆಯಲ್ಲಿ ಮನುಷ್ಯನ ಮೈಗೆ ಲಾಠಿ ಮುಟ್ಟಿಸಿದ್ದು ಹನ್ನೊಂದು ಸಲ. ಆ ಲೆಕ್ಕ ಯಾವ ಕಾಗದದಲ್ಲೂ ಇಲ್ಲ, ಅವರ ತಲೆಯಲ್ಲಿದೆ. ಹತ್ತಕ್ಕೆ ಯಾರ ಮುಂದೆಯಾದರೂ ಜವಾಬು ಕೊಡಬಲ್ಲರು. ಒಂದಕ್ಕೆ ಕೊಡಲಾರರು. ಆ ಒಂದರ ಸಲುವಾಗಿಯೇ ಎಂಟು ವರ್ಷದಿಂದ ತಲೆ ಎತ್ತಿ ನಡೆಯಲಾಗಿಲ್ಲ.

ತೊಂಬತ್ತಾರರ ಬೇಸಿಗೆ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಒಂದು ಗಣಿಯಲ್ಲಿ ಲಾರಿ ಹಿಂದಕ್ಕೆ ಬಂದು ಕೂಲಿಯವನೊಬ್ಬ ಸತ್ತ. ಮಂದಿ ಲಾರಿಯನ್ನು ಮುತ್ತಿದರು. ಠಾಣೆಯಿಂದ ಸೂರ್ಯಕಾಂತರೂ ಸೇರಿ ಆರು ಜನ ಹೋದಾಗ ಕೂಲಿಯವನೊಬ್ಬ ಆ ಡ್ರೈವರನನ್ನು ಕೆಳಗೆ ಕೆಡವಿ, ತಲೆಯ ಮೇಲೆ ಹಾರೆ ಎತ್ತಿದ್ದ. ಸೂರ್ಯಕಾಂತ ಅವನ ಮುಂಗೈಗೆ ಹೊಡೆದರು. ಹಾರೆ ಬಿತ್ತು, ಡ್ರೈವರ ಉಳಿದ.

"ಅದನ್ನ ಇವತ್ತೂ ಹೊಡೀತೀನಿ" ಎನ್ನುತ್ತಾರೆ. "ಹೊಡೀದಿದ್ರ ಎರಡು ಹೆಣ ಬೀಳ್ತಿದ್ದವು. ಅದಕ್ಕ ನಾ ನಾಚಂಗಿಲ್ಲ."

ನಾಚಿಕೆ ಅದಾಗಿ ಐದು ನಿಮಿಷಕ್ಕೆ ನಡೆದದ್ದಕ್ಕೆ. ದಾರಿ ಬಿಡಿಸಲು ಹುಕುಂ ಬಂತು. ಮಂದಿ ಚದುರಿದರು. ಒಬ್ಬ ಮಾತ್ರ ಇವರಿಗೆ ಬೆನ್ನು ಮಾಡಿ, ಬಂಡೆಯ ಮೇಲೆ ಕೂತು, ಕಾಲಿನ ಗಾಯಕ್ಕೆ ಅರಿವೆ ಕಟ್ಟಿಕೊಳ್ಳುತ್ತಿದ್ದ. ಸೂರ್ಯಕಾಂತ ಮೂರು ಸಲ ಕೂಗಿದರು. ಏಳಲಿಲ್ಲ. ಮೈಯಲ್ಲಿ ಇನ್ನೂ ಹಾರೆಯ ಕಾವಿತ್ತು. ಭುಜಕ್ಕೆ ಒಂದು ಹೊಡೆದರು. ಅವನು ತಿರುಗಿ, ತಲೆ ಕಾಯಲು ಕೈ ಎತ್ತಿದ. ಎತ್ತಿದ ಕೈಯ ಮೇಲೇ ಇನ್ನೊಂದು ಬಿತ್ತು. ಮಣಿಕಟ್ಟು ಮುರಿಯಿತು.

ಅವನ ಹೆಂಡತಿ ಭೀಮಬಾಯಿ ಓಡಿ ಬಂದಳು. ಅಳಲಿಲ್ಲ. "ಅವಗ ಕಿವಿ ಕೇಳಂಗಿಲ್ರಿ ಜಮಾದಾರ್ರ. ಸುರಂಗ ಹಾರಿಸಿ ಹಾರಿಸಿ ಹೋಗ್ಯಾವ. ನಿಮಗ ಗೊತ್ತದಲ್ಲ" ಎಂದಳು.

ಗೊತ್ತಿತ್ತು. ಅವರನ್ನು ತಿನ್ನುವುದೂ ಅದೇ. ಮೂರು ವರ್ಷ ಅದೇ ದಾರಿಯಲ್ಲಿ ಬೀಟು ತಿರುಗಿದ್ದರು, ಅದೇ ಮಂದಿಯ ಜೋಡಿ ಚಹಾ ಕುಡಿದಿದ್ದರು. ಕಲ್ಲು ಸಿಡಿಸುವ ಆ ಸದ್ದಿಗೆ ನಲವತ್ತು ದಾಟಿದ ಅರ್ಧ ಮಂದಿಯ ಕಿವಿ ಹೋಗಿರುತ್ತಿತ್ತು. ಎತ್ತು, ಸರಿ, ನಿಲ್ಲು, ಬೆಂಕಿ, ನೀರು, ಎಲ್ಲವನ್ನೂ ಕೈಯಲ್ಲೇ ಆಡುತ್ತಿದ್ದರು. ಆ ಸನ್ನೆಗಳನ್ನು ಸೂರ್ಯಕಾಂತ ತಾವೂ ಕಲಿತಿದ್ದರು. ಆ ಸನ್ನೆ ಬೇಕಾದ ಹೊತ್ತಿನಲ್ಲಿ ಕೈ ಲಾಠಿಯನ್ನು ಹಿಡಿದಿತ್ತು.

ಪೆಟ್ಟು ತಿಂದ ಅಂಬಾರಾಯನ ಮೇಲೆಯೇ ಕೇಸಾಯಿತು. ಕೈಯಲ್ಲಿ ಕಲ್ಲು ಹಿಡಿದು ಪೊಲೀಸರ ಮೇಲೆ ಏರಿ ಬಂದನೆಂದು ಬರೆದರು. ಕೆಳಗೆ ಸೂರ್ಯಕಾಂತರ ಸಹಿ. "ಏಟು ಸಿಟ್ಟಿನ್ಯಾಗ ಹೊಡೆದಿದ್ದೆ. ಸಹಿ ಕುರ್ಚಿ ಮ್ಯಾಲ ಕುಂತು ಮಾಡೀನಿ. ಏಟಿಗಿಂತ ಅದು ದೊಡ್ಡ ತಪ್ಪು."

ನಾಲ್ಕು ವರ್ಷ ಅಂಬಾರಾಯ ಮುರಿದ ಕೈ ಹೊತ್ತು ಕೋರ್ಟಿಗೆ ಅಲೆದ. ಸುತ್ತಿಗೆ ಹಿಡಿಯಲು ಬಾರದ ಕೈ. ಗಣಿಯ ಕೆಲಸವನ್ನು ಭೀಮಬಾಯಿ ಹೊತ್ತಳು. ಎರಡು ಸಾವಿರದ ಇಸವಿಯಲ್ಲಿ ಸೂರ್ಯಕಾಂತರ ಸಾಕ್ಷಿ ಬಂತು. ವಕೀಲರು ಕೇಳುವ ಮೊದಲೇ, "ಇವನ ಕೈಯಾಗ ಕಲ್ಲಿರಲಿಲ್ರಿ. ಹೊಡೆದವ ನಾ" ಎಂದುಬಿಟ್ಟರು. ಕಟಕಟೆಯಲ್ಲಿದ್ದ ಅಂಬಾರಾಯನಿಗೆ ಅದೂ ಕೇಳಿಸಲಿಲ್ಲ. ಮೂಲೆಯಲ್ಲಿ ನಿಂತ ಭೀಮಬಾಯಿ ಖಾಲಿ ಅಂಗೈ ಬಿಚ್ಚಿ ತೋರಿಸಿದಳು. ಆಗ ಅವನು ಸೂರ್ಯಕಾಂತರ ಕಡೆ ನೋಡದೆ, ನೆಲ ನೋಡಿದ.

ಕೇಸು ಬಿದ್ದುಹೋಯಿತು. ಸೂರ್ಯಕಾಂತರ ಮೇಲೆ ಇಲಾಖೆಯ ವಿಚಾರಣೆ ನಡೆದು ಬಡ್ತಿ ನಿಂತಿತು. "ಸತ್ಯವಂತರು ಬಂದ್ರು, ಕುರ್ಚಿ ಸರಿಸ್ರಿ" ಎಂದು ಜೊತೆಯವರು ಹಂಗಿಸಿದರು. ಬಂದೋಬಸ್ತಿನಿಂದ ತೆಗೆದು ಗೃಹರಕ್ಷಕರಿಗೆ ಕವಾಯತು ಕಲಿಸಲು ಹಾಕಿದ್ದೂ ಶಿಕ್ಷೆಯೆಂದೇ. ವಾರಕ್ಕೆ ಮೂರು ಬೆಳಗು, ಎರಡೆರಡು ತಾಸು. ನಾಲ್ಕು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಈ ಪಾಠ ಕಲಿತು ಹೋಗಿದ್ದಾರೆ. ಸೂರ್ಯಕಾಂತ ಹೇಳುವ ಗಣಿಯ ಕಥೆಯಲ್ಲಿ ಹೊಡೆದ ಪೊಲೀಸಪ್ಪ ಯಾರೆಂದು ಕಲಿಯುವವರು ಕೇಳುತ್ತಾರೆ. "ನಾನೇ" ಎನ್ನುತ್ತಾರೆ.

ಸಾಕ್ಷಿ ಹೇಳಿದ ವರ್ಷವೇ ಒಮ್ಮೆ ಅಂಬಾರಾಯನ ಮನೆಗೆ ಹೋಗಿದ್ದರು. ಅವನು ಹೊರಗೆ ಹೋಗಿದ್ದ. ಭೀಮಬಾಯಿ ಒಲೆಯ ಮುಂದಿದ್ದಳು.

"ಬರ್ರಿ, ಕುಂದ್ರಿ" ಎಂದಳು. "ಚಾ ಮಾಡ್ತೀನಿ, ಕುಡೀರಿ. ಮಾಫಿ ಕೇಳಾಕ ಬಂದಿದ್ರ ಮಾತ್ರ ಬ್ಯಾಡ. ಅವಗ ಕೇಳಂಗಿಲ್ಲ. ನಾ ಹೇಳಂಗಿಲ್ಲ."

ಚಹಾ ಕುಡಿದು ಎದ್ದು ಬಂದರು. ತಪ್ಪು ಆಕೆಯದಲ್ಲ ಎನ್ನುತ್ತಾರೆ. ತನ್ನ ತಪ್ಪನ್ನು ಇನ್ನೊಬ್ಬರ ಕೈಯಲ್ಲಿ ಹೇಳಿಸುವುದು ಯಾವ ನ್ಯಾಯ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಕ್ಷಮೆ ಕೇಳುವುದಕ್ಕೆ ಯಾವ ಸನ್ನೆ ಎಂದು ಗಣಿಯ ಹಳಬರನ್ನು ವಿಚಾರಿಸಿದ್ದಾರೆ. ಅಂಥದೊಂದು ಸನ್ನೆ ಅವರಲ್ಲಿ ಇಲ್ಲವಂತೆ. ಕೆಲಸದ ಜಾಗ, ಅದರ ಜರೂರು ಬಿದ್ದಿಲ್ಲ.

ಬರುವ ವರ್ಷ ಸೂರ್ಯಕಾಂತರಿಗೆ ನಿವೃತ್ತಿ. ಆಮೇಲೇನು ಆಸೆ ಎಂದು ಕೇಳಿದರೆ ಹೇಳುತ್ತಾರೆ:

"ಈ ಖಾಕಿ ಕಳಚಿಟ್ಟು ಒಂದಿನ ಅಂಬಾರಾಯ ಮನ್ಯಾಗಿದ್ದಾಗ ಹೋಗಬೇಕಂತೀನ್ರಿ. ಏನೂ ಕೇಳಂಗಿಲ್ಲ. ಅವ ಎಷ್ಟು ಹೊತ್ತು ನೋಡ್ತಾನ ಅಷ್ಟು ಹೊತ್ತು ಮಾರಿ ತೋರಿಸಿ ಕುಂದರ್ತೀನಿ. ಎದ್ದು ಹೋಗು ಅಂತ ಕೈ ಮಾಡಿದ್ರ, ಆ ಸನ್ನಿ ನನಗ ತಿಳೀತದ."