ಪುಣೆಯಲ್ಲಿ ಅಳೆದ ಸಿರುಗುಪ್ಪದ ಹೌಸಿಂಗ್

ಇಲ್ಲಿ ಕಬ್ಬಿಣವನ್ನು ಅಳೆಯುವ ಮೊದಲು ತಣ್ಣನೆಯ ಕೋಣೆಯಲ್ಲಿ ಮಲಗಿಸುತ್ತಾರೆ. ಆ ತಂಪಿಗೆ ಅದು ಹೊಂದಿಕೊಳ್ಳುವವರೆಗೆ ಯಾರೂ ಮುಟ್ಟುವಂತಿಲ್ಲ. ಪುಣೆಗೆ ಬಂದ ಮೊದಲ ದಿನ ಇದನ್ನು ಕೇಳಿ ನಗು ಬಂತು. ಬಳ್ಳಾರಿಯ ನಮ್ಮ ಲೇತ್ ಅಂಗಡಿಯಲ್ಲಿ ಬೇಸಿಗೆಯ ಕಬ್ಬಿಣವನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಕೈ ಸುಡುವ ಮೊದಲೇ ಅಳೆದು ಮುಗಿಸುತ್ತಿದ್ದೆವು. ಇಲ್ಲಿ ಮೇ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಕೆಲಸ ಮಾಡುತ್ತೇನೆ.

ಅಂಗಡಿ ನನ್ನ ಗಂಡನದು. ಅವರು ತೀರಿಕೊಂಡ ಮೇಲೆ, ಐಟಿಐ ಓದಿದ್ದು ಕೈಹಿಡಿದು, ಈ ಕಾರ್ಖಾನೆಯ ಅಳತೆ ಕೋಣೆಯಲ್ಲಿ ಕೆಲಸ ಸಿಕ್ಕಿತು. ಬಾಡಿಗೆಗೆ ಒಂದು ‘ಖೋಲಿ’, ಎಂದರೆ ಒಂದೇ ಕೋಣೆಯ ಮನೆ. ಇಲ್ಲಿಯ ಭಾಕರಿ ನಮ್ಮ ಜೋಳದ ರೊಟ್ಟಿಯೇ, ತುಸು ದಪ್ಪ. ಅಕ್ಕನನ್ನು ‘ತಾಈ’ ಎನ್ನುತ್ತಾರೆ. ಊರಲ್ಲಿ ಎಲ್ಲರೂ ನನ್ನನ್ನು ನೋಡಿ ‘ಪಾಪ’ ಎನ್ನುತ್ತಿದ್ದರು. ಇಲ್ಲಿ ಯಾರೂ ಅನ್ನುವುದಿಲ್ಲ. ಭಾನುವಾರಗಳಂದು ಯಾರೂ ಏನೂ ಅನ್ನುವುದಿಲ್ಲ.

ಬರುವಾಗ ಚೀಲದಲ್ಲಿ ಒಂದು ಬೇರಿಂಗ್ ಹೌಸಿಂಗ್ ತಂದಿದ್ದೆ, ಶಾಫ್ಟಿನ ಬೇರಿಂಗ್ ಕೂರುವ ಕಬ್ಬಿಣದ ಗೂಡು. ಸಿರುಗುಪ್ಪದ ಒಂದು ಅಕ್ಕಿ ಗಿರಣಿಗೆ ನನ್ನ ಗಂಡ ಮಾಡಿದ ಕೊನೆಯ ಕೆಲಸ. ತೂತುಗಳು ಜಾಗ ತಪ್ಪಿವೆ, ಬೋಲ್ಟ್ ಹೋಗುತ್ತಿಲ್ಲ ಎಂದು ಗಿರಣಿಯವರು ವಾಪಸ್ ಕಳಿಸಿದ್ದರು. ಎರಡು ದಿನ ಅದನ್ನೇ ತಿರುಗಿಸಿ ನೋಡುತ್ತಾ ಕೂತ ಮನುಷ್ಯ, “ನನ್ನ ಕೈ ಹೋತೇನು?” ಎಂದು ನನ್ನನ್ನು ಕೇಳಿದರು. ಮೂರನೆಯ ದಿನ ಎದೆನೋವಿನಲ್ಲಿ ಹೋಗಿಬಿಟ್ಟರು.

ಕುರುಗೋಡಿನಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ ಅದೇ ಮಾತು: “ಅಷ್ಟು ದೊಡ್ಡ ಮಿಷನ್ ಐತಂತಿ. ನನ್ನ ಮಗನ ಕೆಲ್ಸ ಒಂದ್ ಸಲ ನೋಡವ್ವ.”

ನಮ್ಮ ಅಂಗಡಿಯ ಅಳತೆಪಟ್ಟಿ, ವೆರ್ನಿಯರ್, ಒಂದು ಸಲಕ್ಕೆ ಒಂದೇ ದಿಕ್ಕನ್ನು ಅಳೆಯುತ್ತದೆ. ಇಲ್ಲಿಯ ಯಂತ್ರ ಉದ್ದ, ಅಗಲ, ಎತ್ತರ ಮೂರನ್ನೂ ಸೇರಿಸಿ ನೋಡುತ್ತದೆ. ತೂತು ಇರಬೇಕಾದ ಜಾಗದಲ್ಲಿ ಸೂಜಿಯಷ್ಟು ತೆಳುವಾದ ಕೊಳವೆ ಇದೆ ಎಂದುಕೊಳ್ಳಿ. ತೂತಿನ ನಡುಗೆರೆ ಮೇಲಿನಿಂದ ಕೆಳಗಿನವರೆಗೆ ಅದರೊಳಗೇ ಇರಬೇಕು. ಮೇಲ್ವಿಚಾರಕಿ ಸವಿತಾ ತಾಈಯ ಒಪ್ಪಿಗೆ ಪಡೆದು, ಊಟದ ಬಿಡುವಿನಲ್ಲಿ, ಗಂಡನ ಪೆನ್ಸಿಲ್ ನಕ್ಷೆ ಪಕ್ಕಕ್ಕಿಟ್ಟುಕೊಂಡು ಅಳೆದೆ. ನಾಲ್ಕು ತೂತುಗಳಲ್ಲಿ ಎರಡು ಪರದೆಯ ಮೇಲೆ ಕೆಂಪಾಗಿ ಬಂದವು. ತಪ್ಪು, ಎಂದರ್ಥ. ಆ ವಾರ ಅತ್ತೆಯ ಫೋನ್ ಎತ್ತಲಿಲ್ಲ.

ತಾಈ ಅಕ್ಕಲಕೋಟೆ ಕಡೆಯವರು, ಕನ್ನಡ ಬರುತ್ತದೆ. ನನ್ನ ಮುಖ ನೋಡಿ ಕೇಳಿದರು: “ಯಾವ ಮಗ್ಗಲ ಮೊದಲ ಹಿಡದಿ?”

“ಪಕ್ಕದ್ದು ರೀ. ನಮ್ಮ ಅಂಗಡ್ಯಾಗ ಕಬ್ಬಿಣ ಬಿಗಿಯೋ ವೈಸಿಗೆ ಪಕ್ಕಾನ ಮೊದಲ ಒತ್ತೋದು.”

“ಗಿರಣ್ಯಾಗ ಇದು ಗ್ವಾಡಿಗೆ ಜೋತಾಡ್ತೈತೇನ? ತಳದ ಮ್ಯಾಲ ಕೂಡೂದು. ನಿನ್ನ ಯಜಮಾನ್ರು ಇಲ್ಲಿ ಎರಡು ಗೀಟ ಹೊಡದಾರ, ಕಣ್ಣಿಗೆ ಬೀಳಲಿಲ್ಲಾ?”

ನಕ್ಷೆಯಲ್ಲಿ ತಳದ ಗೆರೆಯ ಕೆಳಗೆ ಎರಡು ಗೀಟು ಇದ್ದವು, ಅಳತೆ ಇಲ್ಲಿಂದಲೇ ಶುರು ಎಂಬ ಗುರುತು. ನಾನು ಅಂಗಡಿಯ ರೂಢಿಯಲ್ಲಿ ಪಕ್ಕದಿಂದ ಶುರು ಮಾಡಿದ್ದೆ. ಆ ಪಕ್ಕ ಎರಕದಲ್ಲೇ ಕೊಂಚ ವಾಲಿತ್ತು. ಮೊದಲು ಹಿಡಿದ ಮಗ್ಗಲನ್ನೇ ನೇರ ಎಂದು ನಂಬುವ ಯಂತ್ರ, ಅದರ ಓರೆಯನ್ನು ತೂತುಗಳ ಮೇಲೆ ಹಾಕಿತ್ತು. ತಳವನ್ನು ಮೊದಲು ಹಿಡಿದು ಮತ್ತೆ ಅಳೆದೆವು. ಒಂದು ಹಸಿರು. ಎರಡು. ಮೂರು. ನಾಲ್ಕನೆಯದಕ್ಕೆ ನಾನು ಕಣ್ಣು ಮುಚ್ಚಿಕೊಂಡೆ.

“ತಗಿ ಕಣ್ಣ,” ಎಂದರು ತಾಈ. “ಹಸರ ಐತಿ.”

ಸಂಜೆ ನಾನೇ ಕುರುಗೋಡಿಗೆ ಫೋನ್ ಮಾಡಿದೆ. “ಅತ್ತೀ, ಅವರ ಕೈ ತಪ್ಪಿಲ್ಲ.”

“ಹಂಗಾದ್ರ ತಪ್ಪು ಎಲ್ಲೈತಿ?”

“ಗಿರಣಿ ಕಡೀಗಿ ಏನಿತ್ತೋ ಗೊತ್ತಿಲ್ಲ. ಇದ್ರಾಗಂತೂ ಇಲ್ಲ.”

“ನಂಗ ಮೊದ್ಲ ಗೊತ್ತಿತ್ತು ಬಿಡು.” ಮೂಗು ಒರೆಸಿಕೊಂಡದ್ದು ಕೇಳಿಸಿತು.

“ಗೊತ್ತಿದ್ರ ವಾರಾವಾರ ಯಾಕ ಕೇಳ್ತಿದ್ರಿ?”

“ಪುಣೆಗೆ ಹೋಗಿ ಬಾಯಿ ಬಂತು ನೋಡು ನಿನಗ!”

ಎಷ್ಟೋ ತಿಂಗಳ ಮೇಲೆ ಇಬ್ಬರೂ ನಕ್ಕೆವು. ಹೌಸಿಂಗ್ ಊರಿಗೆ ತಂದುಬಿಡು, ದೇವರ ಜಗಲಿಯ ಮೇಲೆ ಇಡುತ್ತೇನೆ ಎಂದರು ಅತ್ತೆ. ಇತ್ತ ತಾಈ, ಹೊಸಬರಿಗೆ ನಾನು ಅಳೆದಾಗ ಮಾಡಿದ ತಪ್ಪು ತೋರಿಸಿ ಕಲಿಸಲು ಅದು ಇಲ್ಲೇ ಬೇಕು ಎಂದಿದ್ದರು. ಅಲ್ಲಿ ಅದಕ್ಕೆ ದಿನಾ ಕುಂಕುಮ, ಇಲ್ಲಿ ದಿನಾ ಕೆಲಸ. ಯಾವುದು ಸರಿ ಎಂದು ನನಗೆ ತಿಳಿಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅತ್ತೆಯೇ ತೀರ್ಮಾನ ಹೇಳಿದರು.

“ಅವಂಗೂ ಖಾಲಿ ಕೂಡಾಕ ಆಗ್ತಿರಲಿಲ್ಲ. ಅದೂ ಅಲ್ಲೇ ದುಡೀಲಿ. ಹಬ್ಬಕ್ಕ ಮಾತ್ರ ನೀನು, ಅದು, ಇಬ್ರೂ ಬರ್ರಿ.”